ಮ್ಯಾಗ್ನೆಟ್ ಇರುವ 3×3 ರೂಬಿಕ್ಸ್ ಕ್ಯೂಬ್: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಮೊದಲು ಅಗ್ಗದ ಕ್ಯೂಬಿನಲ್ಲಿ ಕಲಿತು, ಕೈ ಕುದುರಿದ ಮೇಲೆ ಒಳ್ಳೆಯದು ಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಒಳ್ಳೆಯ ಕ್ಯೂಬ್ ಬೇಕಾಗಿರುವುದೇ ಹೊಸಬರಿಗೆ. ಮೈಸೂರಿನ ಆಟಿಕೆ ಅಂಗಡಿಗಳಲ್ಲಿ ಸಿಗುವ ಬಿಗಿ ಕ್ಯೂಬಿನಲ್ಲಿ ಒಂದು ಪದರ ಚೂರು ಓರೆಯಾಗಿ ನಿಂತರೂ ಮುಂದಿನ ತಿರುವು ಸಿಕ್ಕಿಕೊಳ್ಳುತ್ತದೆ. ಬಲ ಹಾಕಿದರೆ ಮೂಲೆಯ ತುಂಡು ನಿಂತಲ್ಲೇ ತಿರುಚಿಕೊಳ್ಳುತ್ತದೆ. ಆಮೇಲೆ ತಪ್ಪಿದ್ದು ಸೂತ್ರವೋ (ಅಂದರೆ ತಿರುವುಗಳ ಕ್ರಮವೋ) ಕ್ಯೂಬೋ ಗೊತ್ತಾಗದೆ ಎಷ್ಟೋ ಮಂದಿ ಕೈಬಿಡುತ್ತಾರೆ.

ಮ್ಯಾಗ್ನೆಟ್ ಕ್ಯೂಬಿನಲ್ಲಿ ಮೂಲೆ ಮತ್ತು ಅಂಚಿನ ತುಂಡುಗಳು ಸೇರುವ 24 ಕಡೆ ಎರಡೆರಡರಂತೆ 48 ಪುಟ್ಟ ಅಯಸ್ಕಾಂತಗಳಿರುತ್ತವೆ. ತಿರುವು ಮುಗಿಯುವ ಹೊತ್ತಿಗೆ ಪದರವನ್ನು ಅವೇ ಎಳೆದು ನೇರಕ್ಕೆ ಕೂರಿಸುತ್ತವೆ. ಬಣ್ಣ ಪ್ಲಾಸ್ಟಿಕ್ಕಿನಲ್ಲೇ ಬೆರೆತಿರುವ ಸ್ಟಿಕರ್‌ಲೆಸ್ ಮಾದರಿಯನ್ನೇ ಆರಿಸಿ. ಬೆವರಿನ ಕೈಯಲ್ಲಿ ಸ್ಟಿಕರ್ ಬಾಳುವುದಿಲ್ಲ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವುದು ಕಲಿಯಲು ಧಾರಾಳವಾಗಿ ಸಾಕು.

ಇನ್ನು ಬಿಡಿಸುವ ವಿಷಯ. ಕೆಳಗಿನ ಬಿಳಿ ಪದರ, ನಡು ಪದರ ಸಲೀಸು. ಮೇಲಿನ ಮುಖದಲ್ಲಿ ಹಳದಿ ಪ್ಲಸ್ ಆಕಾರ ಮಾಡುವಾಗ ಒಂದು ವಿಷಯ ಗಮನಿಸಿ: ಮೇಲ್ಮುಖವಾಗಿರುವ ಹಳದಿ ಅಂಚುಗಳು ಸೊನ್ನೆ, ಎರಡು ಅಥವಾ ನಾಲ್ಕೇ ಇರಬೇಕು. ಒಂದೋ ಮೂರೋ ಕಂಡರೆ ನಿಮ್ಮ ತಪ್ಪಲ್ಲ, ಬಿಚ್ಚಿದ್ದ ಅಂಚನ್ನು ಯಾರೋ ತಿರುವುಮುರುವು ಕೂರಿಸಿದ್ದಾರೆ.

ಹೆಚ್ಚು ಜನ ಎಡವುವುದು ಕೊನೆಯ ಹೆಜ್ಜೆಯಲ್ಲಿ, ಅಂದರೆ ತಮ್ಮ ಜಾಗಕ್ಕೆ ಬಂದ ಮೂಲೆಗಳ ಹಳದಿಯನ್ನು ಮೇಲಕ್ಕೆ ತಿರುಗಿಸುವಾಗ. ಹಳದಿ ಮೇಲೆ ಬರುವಂತೆ ಹಿಡಿದು, ಮುಂದಿನ ಬಲ ಮೇಲ್ಮೂಲೆಗೆ ಆರ್ ಪ್ರೈಮ್, ಡಿ ಪ್ರೈಮ್, ಆರ್, ಡಿ (ಆರ್ ಎಂದರೆ ಬಲ ಪದರ, ಡಿ ಎಂದರೆ ಕೆಳ ಪದರ, ಆ ಮುಖವನ್ನು ನೇರ ನೋಡಿದಂತೆ ಗಡಿಯಾರದ ದಿಕ್ಕಿಗೆ ಕಾಲು ಸುತ್ತು; ಪ್ರೈಮ್ ಎಂದರೆ ಅದರ ವಿರುದ್ಧ ದಿಕ್ಕಿಗೆ). ಎರಡು ಸಲಕ್ಕೋ ನಾಲ್ಕು ಸಲಕ್ಕೋ ಹಳದಿ ಮೇಲೆ ಬರುತ್ತದೆ. ಆಗ ಕೆಳಗಿನ ಪದರಗಳು ಚೆಲ್ಲಾಪಿಲ್ಲಿಯಾಗಿರುತ್ತವೆ, ಗಾಬರಿ ಬೇಡ. ಇಡೀ ಕ್ಯೂಬ್ ತಿರುಗಿಸದೆ ಮೇಲಿನ ಪದರವನ್ನಷ್ಟೇ ತಿರುಗಿಸಿ ಮುಂದಿನ ಮೂಲೆಯನ್ನು ಅದೇ ಜಾಗಕ್ಕೆ ತನ್ನಿ. ಹಳದಿ ಬಂತೆಂಬ ಖುಷಿಯಲ್ಲಿ ಕೊನೆಯ ಡಿ ಬಿಟ್ಟರೆ ಎಲ್ಲ ಹಾಳು. ಎಲ್ಲ ಸರಿಯಾಗಿ ಮಾಡಿಯೂ ಒಂದೇ ಮೂಲೆ ಉಳಿದರೆ ಅದು ತಿರುಚಿಕೊಂಡ ಮೂಲೆ. ಬೆರಳಿನಿಂದ ಹಿಂದಕ್ಕೆ ತಿರುಚಿ. ಹಾಗಂತ ಪೂರ್ತಿ ಬಿಚ್ಚಿ ಮನಬಂದಂತೆ ಜೋಡಿಸಬೇಡಿ: ಹಾಗೆ ಜೋಡಿಸಿದ ಕ್ಯೂಬ್ ಬಿಡಿಸಲು ಬರುವ ಸಾಧ್ಯತೆ 12ರಲ್ಲಿ ಒಂದು.

ಮೂಲೆ ಪದೇ ಪದೇ ತಿರುಚಿಕೊಂಡರೆ ಸ್ಕ್ರೂ ಸಡಿಲವಾಗಿದೆ ಎಂದರ್ಥ. ನಡು ತುಂಡಿನ ಮುಚ್ಚಳ ತೆಗೆದು ಆರೂ ಸ್ಕ್ರೂಗಳನ್ನು ಸಮನಾಗಿ, ಒಮ್ಮೆಗೆ ಕಾಲು ಸುತ್ತಿನಷ್ಟು ಬಿಗಿಮಾಡಿ ನೋಡಿ. ಮಂಡ್ಯ–ಮೈಸೂರು ರೈಲಿನಲ್ಲಿ ಅಭ್ಯಾಸ ಮಾಡುವವರು ಇನ್ನೊಂಚೂರು ಬಿಗಿಯಾಗಿಟ್ಟರೆ ಒಳ್ಳೆಯದು. ಸಡಿಲ ಕ್ಯೂಬಿನಿಂದ ಅಂಚು ಹಾರಿ ಸೀಟಿನಡಿ ಹೋದರೆ ಹುಡುಕುವುದು ಕಷ್ಟ.

ನಮ್ಮೂರಿನ ಧೂಳಿಗೆ ತಿರುವು ಕ್ರಮೇಣ ಒರಟಾಗುತ್ತದೆ. ಮೇಲಿನ ಪದರವನ್ನು 45 ಡಿಗ್ರಿ ತಿರುಗಿಸಿ ಅಂಚೊಂದನ್ನು ಹೆಬ್ಬೆರಳಿನಿಂದ ಎತ್ತಿದರೆ ಉಳಿದದ್ದು ಸುಲಭವಾಗಿ ಬಿಚ್ಚುತ್ತದೆ. ಒಣ ಬಟ್ಟೆಯಿಂದ ಒರೆಸಿ. ನೀರಿಗೆ ಹಾಕಿದರೆ ಸ್ಕ್ರೂ, ಸ್ಪ್ರಿಂಗ್ ತುಕ್ಕು ಹಿಡಿಯುತ್ತವೆ. ಕ್ಯೂಬಿಗೆಂದೇ ಸಿಗುವ ಸಿಲಿಕೋನ್ ಎಣ್ಣೆ ಎರಡು ಮೂರು ಹನಿ ಸಾಕು. ಕೊಬ್ಬರಿ ಎಣ್ಣೆ ಖಂಡಿತ ಬೇಡ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಮೈಸೂರಿನಲ್ಲಿ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಕ್ಯೂಬಿನೊಳಗೂ ಅದೇ ಗತಿ; ಮೇಲಾಗಿ ಧೂಳನ್ನೂ ಹಿಡಿದಿಡುತ್ತದೆ. ಅಲ್ಲಾಡಿಸಿದಾಗ ಒಳಗೆ ಟಿಕ್ ಟಿಕ್ ಎಂದರೆ ಅಯಸ್ಕಾಂತವೊಂದು ಕಿತ್ತುಬಂದಿದೆ. ಯಾವ ಮುಖ ಪಕ್ಕದ ತುಂಡನ್ನು ಸೆಳೆಯುತ್ತದೆ ಎಂದು ನೋಡಿ, ಮಾರ್ಕರ್‌ನಿಂದ ಗುರುತು ಮಾಡಿಕೊಂಡ ಮೇಲೆಯೇ ಅಂಟಿಸಿ. ತಿರುಗಾಮುರುಗಾ ಅಂಟಿಸಿದರೆ ಆ ಮೂಲೆ ನೇರಕ್ಕೆ ಬರದೆ ದೂರ ತಳ್ಳುತ್ತದೆ.

ಇದು ಕೈಗೆ ಹತ್ತಿದ ಮೇಲೆ 4×4 ಕೊಳ್ಳುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಅಂಚು ಎರಡು ತುಂಡುಗಳ ಜೋಡಿ. ಆದ್ದರಿಂದ ಒಂದೇ ಒಂದು ಜೋಡಿ ಮಗುಚಿ ನಿಲ್ಲುವುದು ಸಹಜ. ಕ್ಯೂಬ್ ಕೆಟ್ಟಿದೆ ಎಂದು ಬಿಚ್ಚಬೇಡಿ, ಅದಕ್ಕೆ ಪ್ಯಾರಿಟಿ ಸೂತ್ರ ಬೇರೆಯೇ ಇದೆ.