ಕುಂಡದ ನೊರಜು: ಒಣಗಿಸುವುದೋ, ಹಳದಿ ಹಾಳೆಯೋ, ಬಿಟಿಐಯೋ?

ಈ ಮಳೆಗಾಲದಲ್ಲಿ ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಟೊಮೆಟೊ, ಮೆಣಸಿನ ಬೀಜ ಹಾಕಿದ್ದೆ. ಟ್ರೇ ತುಂಬ ಕೋಕೋಪೀಟ್, ಎರೆಗೊಬ್ಬರ. ಸಸಿಗಳು ಎರಡೆಲೆ ಬಿಟ್ಟು ಅಲ್ಲಿಗೇ ನಿಂತವು, ಆಮೇಲೆ ಒಂದೊಂದಾಗಿ ಬಾಡಿದವು. ಕಿತ್ತು ನೋಡಿದರೆ ಎಳೆ ಬೇರುಗಳೇ ಉಳಿದಿರಲಿಲ್ಲ.

ನೀರು ಹಾಕಿದಾಗ ಮಣ್ಣಿನಿಂದ ಏಳುತ್ತಿದ್ದ ನೊರಜನ್ನು ಬಾಳೆಹಣ್ಣಿನ ನೊಣ ಅಂದುಕೊಂಡು ಸುಮ್ಮನಿದ್ದೆ. ಆ ನೊಣಕ್ಕೆ ಕಂದು ಮೈ, ಕೆಂಪು ಕಣ್ಣು. ಇದು ಕಪ್ಪಗೆ, 2–3 ಮಿಲಿಮೀಟರ್ ಉದ್ದ, ಸಣಕಲು ಸೊಳ್ಳೆಯ ಹಾಗೆ ಉದ್ದ ಕಾಲು; ಕಚ್ಚುವುದಿಲ್ಲ. ಇದೇ ಫಂಗಸ್ ನ್ಯಾಟ್. ಅನುಮಾನವಿದ್ದರೆ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿಗೆ ಒತ್ತಿಟ್ಟು ಮೂರ್ನಾಲ್ಕು ದಿನ ಬಿಟ್ಟು ತಿರುವಿ ನೋಡಿ. ಗಾಜಿನಂಥ ಮೈ, ಕರಿ ತಲೆಯ ಹುಳು, ಅಂದರೆ ನೊರಜಿನ ಮರಿ, ಅಂಟಿಕೊಂಡಿದ್ದರೆ ಸಂಶಯವೇ ಬೇಡ.

ಮೊದಲು ತಂದದ್ದು ಹಳದಿ ಅಂಟು ಹಾಳೆ. ಎರಡೇ ದಿನಕ್ಕೆ ಕಪ್ಪು ಚುಕ್ಕಿಗಳಿಂದ ತುಂಬಿತು, ಗೆದ್ದೆ ಅಂದುಕೊಂಡೆ. ಆದರೆ ಸಸಿ ಸಾಯುವುದು ನಿಲ್ಲಲಿಲ್ಲ. ಹಾಳೆಗೆ ಸಿಗುವುದು ಹಾರುವ ನೊರಜು ಮಾತ್ರ. ಒಂದು ಹೆಣ್ಣು 200ರವರೆಗೂ ಮೊಟ್ಟೆ ಇಡಬಲ್ಲದು, ಬೇರು ತಿನ್ನುವ ಹುಳು ಕೆಳಗೇ ಇರುತ್ತದೆ. ಕಾಟ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಹಾಳೆ ಬೇಕೇ ಬೇಕು, ಅದೊಂದನ್ನೇ ನಂಬಬೇಡಿ. ಹಳದಿ ರಟ್ಟಿಗೆ ಹರಳೆಣ್ಣೆ ಸವರಿದರೂ ನಡೆಯುತ್ತದೆ, ಆಗಾಗ ಮತ್ತೆ ಸವರಬೇಕಷ್ಟೆ.

ಮಣ್ಣು ಒಣಗಿಸುವುದು ಕಾಸು ಖರ್ಚಿಲ್ಲದ ದಾರಿ. ಹುಳುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಇಂಚಿನಲ್ಲೇ ಇರುತ್ತವೆ. ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್ ಕುಂಡಗಳಲ್ಲಿ ಬೇರೇನೂ ಬೇಕಾಗಲಿಲ್ಲ. ಅದನ್ನೇ ಮೆಣಸಿನ ಟ್ರೇಗೆ ಮಾಡಿದೆ, ಎರಡೇ ದಿನಕ್ಕೆ ಅರ್ಧ ಸಸಿ ಹೋದವು. ಎಳೆ ಸಸಿಗೆ ಈ ಉಪಾಯ ಸಲ್ಲದು.

ಬೇವಿನ ಹಿಂಡಿಯಿಂದ ನನಗೆ ನಷ್ಟವೇ ಆಯಿತು. ಒದ್ದೆ ಮಣ್ಣಿನ ಮೇಲೆ ಉದುರಿಸಿದ ಹಿಂಡಿಗೆ ಬಿಳಿ ಬೂಸಲು ಹಿಡಿಯಿತು. ಬೂಸಲೇ ಈ ಹುಳುವಿನ ಊಟ! ಹೈಡ್ರೋಜನ್ ಪೆರಾಕ್ಸೈಡ್ ತಗುಲಿದ ಹುಳುವನ್ನು ಕೊಲ್ಲುತ್ತದೆ, ಆದರೆ ಬೇಗ ಒಡೆದು ನೀರಾಗುತ್ತದೆ. ವಾರದೊಳಗೆ ಹುಳು ಮತ್ತೆ ಕಂಡಿತು. ಒಂದು ಎಚ್ಚರಿಕೆ: ಒಂದು ಪಾಲಿಗೆ ನಾಲ್ಕು ಪಾಲು ನೀರು ಎಂಬ ಅಳತೆ 3% ದ್ರಾವಣದ್ದು. ನಮ್ಮ ಮೆಡಿಕಲ್ ಶಾಪಿನಲ್ಲಿ 6% ಬಾಟಲಿಯೂ ಸಿಗುತ್ತದೆ, ಚೀಟಿ ಓದಿ.

ಕೊನೆಗೆ ಬಿಟಿಐ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ಬ್ಯಾಕ್ಟೀರಿಯಾದ ಇಸ್ರೇಲೆನ್ಸಿಸ್ ತಳಿ. ಗೊಬ್ಬರದಂಗಡಿಯಲ್ಲಿ "ಬಿಟಿ ಕೊಡಿ" ಅಂದಾಗ ಕೊಟ್ಟದ್ದು ಕುರ್ಸ್ಟಾಕಿ ತಳಿ. ಅದು ಎಲೆ ತಿನ್ನುವ ಕಂಬಳಿಹುಳುವಿನ ಜಾತಿಗೆ, ಇದಕ್ಕಲ್ಲ. ಹತ್ತು ದಿನ ಹಾಗೇ ಕಳೆದೆ. ಚೀಟಿಯ ಮೇಲೆ 'ಇಸ್ರೇಲೆನ್ಸಿಸ್' ಎಂದಿರಬೇಕು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದು; ನಿಂತ ನೀರಿನ ಸೊಳ್ಳೆ ಮರಿಗಳಿಗೆ ಬಳಸುವುದೂ ಇದನ್ನೇ. ಹುಳು ತಿಂದರೆ ಮಾತ್ರ ಅದರ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ. ಮೊಟ್ಟೆಗೂ ಹಾರುವ ನೊರಜಿಗೂ ಏನೂ ಆಗದು. 24 ಡಿಗ್ರಿ ಉಷ್ಣತೆಯಲ್ಲಿ ಮೊಟ್ಟೆ ನೊರಜಾಗಲು ಸುಮಾರು 17 ದಿನ ಹಿಡಿಯುವುದರಿಂದ ವಾರಕ್ಕೊಮ್ಮೆಯಂತೆ ಮೂರು ವಾರ, ಚೀಟಿಯಲ್ಲಿದ್ದ ಅಳತೆಯಲ್ಲೇ ಹಾಕಿದೆ. ಮೊದಲ ವಾರ ಹಾಳೆಯಲ್ಲಿ ಏನೂ ಕಮ್ಮಿಯಾಗಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತು. ಮೂರನೆಯ ವಾರಕ್ಕೆ ದಿನಕ್ಕೆ ಒಂದೆರಡು ಬಿದ್ದರೆ ಹೆಚ್ಚು.

ಸಸಿಗೆ ನನ್ನ ಆಯ್ಕೆ ಇದೇ. ಜೊತೆಗೆ ನೀರನ್ನು ಮೇಲಿಂದ ಸುರಿಯದೆ, ಟ್ರೇಯನ್ನು ಅಗಲ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡುತ್ತೇನೆ. ಎರಡನೆಯ ಸಲ ಹಾಕಿದ ಮೆಣಸಿನ ಸಸಿಗಳಿಗೆ ಈಗ ಆರೆಲೆ. ಮೊನ್ನೆ ತಿರುವಿದ ಆಲೂಗಡ್ಡೆ ಬಿಲ್ಲೆಯ ಅಡಿಯಲ್ಲಿ ಒಂದು ಹುಳುವೂ ಇರಲಿಲ್ಲ.