ಕಡಲ ದಂಡೆಯ ಪೇಟೆ ಬೀದಿ: ಬೆಳಗ್ಗೆಯೋ, ಸಂಜೆಯೋ?

ಇರುವುದು ಒಂದೇ ದಿನ, ನಡೆದೇ ಸುತ್ತಬೇಕು ಅಂದ್ರೆ ನನ್ನ ಓಟು ಬೆಳಗ್ಗೆಗೆ. ಅರ್ಧ ಎತ್ತಿದ ಶಟರ್ ಕೆಳಗಿಂದ ಪೊರಕೆಯೊಂದು ಇಣುಕಿ, ನಿನ್ನೆಯ ಗಾಳಿ ತಂದ ಮರಳನ್ನು ಬೀದಿಗೆ ತಳ್ಳುತ್ತಿರುತ್ತದೆ. ಸುಮ್ನೆ ನಿಂತು ನೋಡಬಹುದು, ಯಾರೂ ಹಾರ್ನ್ ಹೊಡೆಯುವುದಿಲ್ಲ. ಆದರೆ ಎಷ್ಟೋ ಅಂಗಡಿ ಇನ್ನೂ ತೆರೆದಿರುವುದಿಲ್ಲ.

ಕೊಳ್ಳುವ ಆಸೆ ಜಾಸ್ತಿಯಿದ್ದರೆ ಸಂಜೆಯೇ ಸರಿ. ಗದ್ದಲ ಇರುತ್ತದೆ, ಗಾಳಿಯೂ ಇರುತ್ತದೆ: ಬಿಸಿಲಿಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅಲ್ಲಿನ ಬಿಸಿಗಾಳಿ ಮೇಲೇರಿದಂತೆ ಕಡಲಿನ ತಂಪು ಗಾಳಿ ಒಳಗೆ ಬರುತ್ತದೆ. ಮಧ್ಯಾಹ್ನ? ಬಿಡಿ, ಮಲಗಿ.

ಬೀದಿ ಮುಗಿದ ಮೇಲೆ ಮರಳಲ್ಲೂ ನಡೆಯಬೇಕಾದರೆ ಇಳಿತದ ಹೊತ್ತು ನೋಡಿಕೊಳ್ಳಿ. ಹೆಚ್ಚಿನ ಕಡೆ ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ ಇರುತ್ತದೆ.