ಬ್ಯಾಫಲ್ ಸೀಲ್ ಮತ್ತು ಪ್ಲೀನಮ್: ಪುಣೆಯ ಬೇಸಿಗೆಯಲ್ಲಿ ಕಂಡ ವ್ಯತ್ಯಾಸ

ಸ್ವಂತವಾಗಿ ಕಟ್ಟಿದ ವಿಮಾನದ ಇಂಜಿನ್ ಬೇಸಿಗೆಯಲ್ಲಿ ಮಿತಿಮೀರಿ ಕಾಯತೊಡಗಿದಾಗ ಇಂಜಿನ್ನಿನ ಹೊರಕವಚವಾದ ಕೌಲಿಂಗಿನೊಳಗೆ ಗಾಳಿಯ ದಾರಿಯನ್ನು ಸರಿಪಡಿಸಲು ಮುಖ್ಯವಾಗಿ ಬ್ಯಾಫಲ್ ಸೀಲ್ ಮತ್ತು ಪ್ಲೀನಮ್ ಎಂಬ ಎರಡು ವಿಧಾನಗಳಿವೆ. ಪುಣೆ ಸಮೀಪದ ಹ್ಯಾಂಗರ್ ಒಂದರಲ್ಲಿ, ಧಾರವಾಡ ಮೂಲದ ಗೆಳೆಯರೊಬ್ಬರ ಎರಡು ಸೀಟಿನ ವಿಮಾನದ ಗಾಳಿಯಿಂದಲೇ ತಣಿಯುವ ಲೈಕಮಿಂಗ್ ಒ-320 ಇಂಜಿನ್ನಿಗೆ ಎರಡನ್ನೂ ಒಂದಾದ ಮೇಲೊಂದರಂತೆ ಅಳವಡಿಸಿ ನೋಡಿದ್ದೇವೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ; ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಾಗ ಇಲ್ಲಿನ ಗಾಳಿ ಇನ್ನಷ್ಟು ತೆಳುವಾಗಿ, ಸಿಲಿಂಡರಿನ ಮೈಮೇಲಿನ ತೆಳು ಲೋಹದ ರೆಕ್ಕೆಗಳಾದ ಫಿನ್ನುಗಳಿಂದ ಹೊತ್ತೊಯ್ಯುವ ಶಾಖವೂ ಕಡಿಮೆಯಾಗುತ್ತದೆ. ಈ ಇಂಜಿನ್ನಿನ ಸಿಲಿಂಡರ್ ಹೆಡ್ಡಿಗೆ, ಅಂದರೆ ಸಿಲಿಂಡರಿನ ತುದಿಯನ್ನು ಮುಚ್ಚುವ ಭಾಗಕ್ಕೆ, ತಯಾರಕರು ವಿಧಿಸಿರುವ ಮಿತಿ 260 ಡಿಗ್ರಿ ಸೆಲ್ಸಿಯಸ್. ಆದರೆ ದೀರ್ಘಕಾಲ ಬಾಳಿಕೆ ಬರಬೇಕಾದರೆ ಹೆಚ್ಚು ಶಕ್ತಿಯ ಹಾರಾಟದಲ್ಲಿ 224 ಡಿಗ್ರಿಯ ಒಳಗೇ ಇರಬೇಕೆಂದು ಅವರೇ ಸೂಚಿಸುತ್ತಾರೆ. ನಾವು ಕಣ್ಣಿಟ್ಟಿದ್ದು ಈ ಎರಡನೆಯ ಅಂಕಿಯ ಮೇಲೆ.

ಮೊದಲನೆಯ ವಿಧಾನದಲ್ಲಿ, ಸಿಲಿಂಡರುಗಳ ಸುತ್ತ ನಿಲ್ಲಿಸಿದ ಅಲ್ಯೂಮಿನಿಯಂ ಬ್ಯಾಫಲ್ ತಗಡುಗಳ ಅಂಚಿಗೆ ಸಿಲಿಕೋನ್ ರಬ್ಬರ್ ಪಟ್ಟಿಗಳನ್ನು ಕೂರಿಸಿ, ಅವು ಮೇಲಿನ ಕೌಲಿಂಗಿನ ಒಳಮೈಗೆ ಒತ್ತಿಕೊಳ್ಳುವಂತೆ ಮಾಡುತ್ತೇವೆ. ಒಳಬಂದ ಗಾಳಿ ಫಿನ್ನುಗಳ ನಡುವೆ ಕೆಳಗಿಳಿಯುವುದು ಮೇಲಿನ ಮತ್ತು ಕೆಳಗಿನ ಒತ್ತಡದ ವ್ಯತ್ಯಾಸದಿಂದಲೇ ಆದುದರಿಂದ, ಬೆರಳು ತೂರುವಷ್ಟು ಸಂದಿಯಿದ್ದರೂ ಗಾಳಿ ಸಿಲಿಂಡರನ್ನು ಬಿಟ್ಟು ಅಲ್ಲಿಂದಲೇ ನುಸುಳಿಹೋಗುತ್ತದೆ. ಪಟ್ಟಿ ಇಂಜಿನ್ನಿನ ಕಡೆಗೆ ಬಾಗಿರಬೇಕು. ಆಗ ಒತ್ತಡವೇ ಅದನ್ನು ಕೌಲಿಂಗಿಗೆ ಅದುಮುತ್ತದೆ. ಕೆಲವು ಹಾರಾಟಗಳ ಬಳಿಕ ಕೌಲಿಂಗನ್ನು ಮಗುಚಿ ನೋಡಿದರೆ ರಬ್ಬರ್ ಉಜ್ಜಿದ ಕಪ್ಪು ಗೆರೆ ಕಾಣುತ್ತದೆ. ನಮ್ಮದರಲ್ಲಿ ಆ ಗೆರೆ ಬಲ ಹಿಂಬದಿಯ ಮೂಲೆಯಲ್ಲಿ ತುಂಡಾಗಿತ್ತು, ಅತಿ ಹೆಚ್ಚು ಕಾಯುತ್ತಿದ್ದುದೂ ಅಲ್ಲಿನ ಮೂರನೆಯ ಸಿಲಿಂಡರೇ. ಆ ಸಿಲಿಂಡರಿನ ಹಿಂಬದಿಯ ಫಿನ್ನುಗಳು ಮೊದಲೇ ಗಿಡ್ಡ. ತಗಡು ಅದಕ್ಕೆ ಅಂಟಿಕೊಂಡಿದ್ದರೆ ಗಾಳಿಗೆ ದಾರಿಯೇ ಇರುವುದಿಲ್ಲ. ಹೊಸ ಪಟ್ಟಿ ಹಾಕಿ, ತಗಡು ಮತ್ತು ಸಿಲಿಂಡರಿನ ನಡುವೆ ವಾಷರ್ ಇಟ್ಟು ತುಸು ಜಾಗ ಬಿಡಿಸಿದ ಮೇಲೆ ಆ ಸಿಲಿಂಡರ್ ಉಳಿದವುಗಳ ಸಾಲಿಗೆ ಬಂತು. ಇಷ್ಟು ಅಗ್ಗದ ಕೆಲಸದಿಂದ ಇಷ್ಟು ಫಲ ಸಿಕ್ಕಿದ್ದು ನನಗೆ ನಿಜಕ್ಕೂ ಸಂತೋಷ ತಂದಿತು.

ಪ್ಲೀನಮ್ ಎಂದರೆ ಸಿಲಿಂಡರುಗಳ ಮೇಲೆಯೇ ಬಿಗಿಯಾಗಿ ಕೂರುವ ಫೈಬರ್‌ಗ್ಲಾಸ್ ಮುಚ್ಚಳ. ಗಾಳಿ ನೇರವಾಗಿ ಅದರೊಳಕ್ಕೆ ಬರುವುದರಿಂದ ಕೌಲಿಂಗ್ ಅಲುಗಾಡಿದರೂ ಸೋರಿಕೆ ಇಲ್ಲ. ತಂಪಿನ ಲೆಕ್ಕದಲ್ಲಿ ಇದೇ ಮೇಲು. ದೀರ್ಘ ಏರಿಕೆಯಲ್ಲಿ ನಾಲ್ಕೂ ಹೆಡ್ಡುಗಳು ಇನ್ನಷ್ಟು ತಣ್ಣಗಿದ್ದವು. ಆದರೆ ಮೇಲಿನ ಸ್ಪಾರ್ಕ್ ಪ್ಲಗ್ಗುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಸಿಲಿಂಡರಿನಿಂದ ಒತ್ತಡ ಸೋರುತ್ತದೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಗಾಗಲಿ, ಬಿರುಕಿಗಾಗಿ ಫಿನ್ನುಗಳನ್ನು ನೋಡುವುದಕ್ಕಾಗಲಿ, ಕೌಲಿಂಗ್ ತೆಗೆದ ಮೇಲೂ ಮುಚ್ಚಳದ ಸುತ್ತಲಿನ ಸ್ಕ್ರೂಗಳನ್ನೆಲ್ಲ ಬಿಚ್ಚಲೇಬೇಕು. ನಮ್ಮೊಂದಿಗೆ ಕೆಲಸ ಮಾಡುವ ಬೆಳಗಾವಿ ಕಡೆಯ ಮೆಕ್ಯಾನಿಕ್ ಮೊದಲ ದಿನವೇ ಹೇಳಿದರು: “ಸರ, ಇಷ್ಟು ಸ್ಕ್ರೂ ಬಿಚ್ಚೂದಂದ್ರ ಮುಂದ ಯಾರೂ ಒಳಗ ನೋಡಂಗಿಲ್ರಿ.” ಅವರ ಮಾತು ನೂರಕ್ಕೆ ನೂರು ಸರಿ. ಫಿಲ್ಟರ್ ಇರುವ ಇಂಜಿನ್ನಿನಲ್ಲಿ 50 ಗಂಟೆಗೊಮ್ಮೆ ಆಯಿಲ್ ಬದಲಿಸುವಾಗ ಕಣ್ಣಾಡಿಸಬೇಕಾದ ಜಾಗಗಳು ಕೈಗೆಟುಕದಿದ್ದರೆ, ಆ ನೋಟ ವಾರ್ಷಿಕ ತಪಾಸಣೆಯವರೆಗೆ ಮುಂದಕ್ಕೆ ಹೋಗುತ್ತದೆ.

ಕೌಲಿಂಗ್ ಜೋಡಣೆಯ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಕೌಲಿಂಗಿನ ಭಾಗಗಳನ್ನು ಕೂಡಿಸಿ ಹಿಡಿಯುವ ಉದ್ದನೆಯ ಹಿಂಜ್ ಪಿನ್ನುಗಳು ನೋಡಲು ಅಂದ, ಆದರೆ ಎಳೆಯುವಾಗ ಸಿಕ್ಕಿಹಾಕಿಕೊಳ್ಳುತ್ತವೆ. ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುವ ಕ್ಯಾಮ್‌ಲಾಕ್ ಕೊಂಡಿ ತುಸು ಭಾರವಾದರೂ ಅದೇ ವಾಸಿ.

ನನ್ನ ಆಯ್ಕೆ ಬ್ಯಾಫಲ್ ಸೀಲ್. ಪಟ್ಟಿಗಳು ಬಿಸಿಗೆ ಗಡುಸಾಗಿ ಅಂಚಿನಲ್ಲಿ ಸುರುಟಿಕೊಳ್ಳುವುದರಿಂದ ಕಾಲಕಾಲಕ್ಕೆ ಬದಲಿಸಬೇಕು, ಆದರೆ ಹಾಳಾದದ್ದು ಕೌಲಿಂಗ್ ಎತ್ತಿದೊಡನೆ ಕಣ್ಣಿಗೆ ಬೀಳುತ್ತದೆ. ಸೀಲ್ ಸರಿಯಿದ್ದೂ ಬಿಸಿ ಇಳಿಯದಿದ್ದರೆ ಮುಂದಿನ ಗಾಳಿಬಾಯಿಯನ್ನು ಹಿಗ್ಗಿಸುವ ಮೊದಲು ಕೆಳಗಿನ ನಿರ್ಗಮನವನ್ನು ನೋಡಬೇಕು. ಹೊರಹೋಗಲು ಜಾಗವಿಲ್ಲದಿದ್ದರೆ ಒಳಬರುವ ಗಾಳಿ ಹೆಚ್ಚುವುದಿಲ್ಲ. ಅಷ್ಟಾದರೂ ಪ್ಲೀನಮ್ಮೇ ಬೇಕೆನಿಸಿದವರು ಮುಚ್ಚಳವನ್ನು ಎಡ ಬಲ ಎಂದು ಎರಡು ತುಂಡಾಗಿ ಮಾಡಿಸಿ, ಅದಕ್ಕೂ ಸ್ಕ್ರೂ ಬದಲು ಕ್ಯಾಮ್‌ಲಾಕನ್ನೇ ಹಾಕಿಸಲಿ.